ಮೇಲಿನ ಅರ್ಧ

ನನ್ನ ತಮ್ಮ ಒಂದು ಪ್ರಶ್ನೆ ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೌದು ಎಂದಿದ್ದರೆ ಅವನು ಸ್ವಲ್ಪ ಹೊತ್ತು ಸಿಟ್ಟಾಗುತ್ತಿದ್ದ. ಆಮೇಲೆ ತನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿ ಊಟಕ್ಕೆ ಕೂರುತ್ತಿದ್ದ. ನಾನು ಇಲ್ಲ ಎಂದೆ. ನನ್ನ ಮಾತನ್ನು ನಂಬಿದ್ದರಿಂದ ಅವನು ತನ್ನನ್ನು ನಂಬುವುದು ಬಿಟ್ಟ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪ್ಯೂಟರಿನ ವಿಷಯ ನನಗೆ ಗೊತ್ತಿರುವುದೆಲ್ಲ ತಮ್ಮನ ಬಾಯಿಯಿಂದ ಕೇಳಿದ್ದು. ಹಾಗಾಗಿ ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಇತ್ತು. ಅಮ್ಮ ಮತ್ತು ನಾನು ಬೀಡಿ ಕಟ್ಟುತ್ತಿದ್ದೆವು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಕಟ್ಟಿ, ತಿರುಗಿ ಅಲ್ಲಿಗೇ ಒಪ್ಪಿಸುವ ಕೆಲಸ. ತಮ್ಮ ಅಜೆಕಾರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಓದಿದ. ಎಂಬತ್ತರ ದಶಕದ ನಡುವಿನಲ್ಲಿ ಅವನಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ದೊಡ್ಡ ಕಂಪನಿ ಏನಲ್ಲ. ಒಂದು ಕಟ್ಟಡದ ಮಾಳಿಗೆಯಲ್ಲಿ ನಾಲ್ಕಾರು ಜನ ಸೇರಿ ಕಂಪ್ಯೂಟರ್ ಜೋಡಿಸಿ ಮಿಲ್ಲುಗಳಿಗೆ, ಅಂಗಡಿಗಳಿಗೆ ಮಾರುತ್ತಿದ್ದರು. ತಮ್ಮ ಅಲ್ಲಿ ವಯರ್ ಬೆಸುಗೆ ಹಾಕುವವನಾಗಿ ಸೇರಿದ್ದ.

ಸಂಜೆ ಬಸ್ಸಿನಲ್ಲಿ ಬಂದು, ಕೈಕಾಲು ತೊಳೆದು, ನಾನು ಬೀಡಿ ಕಟ್ಟುವಲ್ಲಿಗೇ ಬಂದು ಕೂರುತ್ತಿದ್ದ. ಎರಡೂ ಅಂಚಿಗೆ ತೂತುಗಳಿರುವ ಉದ್ದದ ಕಾಗದಗಳಲ್ಲಿ ಏನಾದರೂ ಬರೆಯುತ್ತಿದ್ದ. ಬಾಯಿಬಿಟ್ಟು ಹೇಳದೆ ಅವನಿಗೆ ಯೋಚನೆ ಬರುತ್ತಿರಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ಹೂಂ ಎನ್ನದಿದ್ದರೆ "ಅಕ್ಕ, ಕೇಳ್ತಾ ಇದ್ದೀಯಾ?" ಎಂದು ಮೊಣಕಾಲಿಗೆ ಪೆನ್ಸಿಲಿನಿಂದ ತಿವಿಯುತ್ತಿದ್ದ.

ಅವನು ಆಗ ಬರೆಯುತ್ತಿದ್ದದ್ದು ಒಂದು ಕರ್ನೆಲ್. ಕರೆಂಟು ಕೊಟ್ಟ ಕೂಡಲೇ ಯಂತ್ರದಲ್ಲಿ ಮೊದಲು ಏಳುವ ಪ್ರೋಗ್ರಾಮಿಗೆ ಆ ಹೆಸರಂತೆ. ಮಿಕ್ಕ ಪ್ರೋಗ್ರಾಮುಗಳಿಗೆ ಮೆಮೊರಿಯಲ್ಲಿ ಜಾಗ ಹಂಚುವುದು, ಒಂದರ ಜಾಗಕ್ಕೆ ಇನ್ನೊಂದು ನುಗ್ಗದ ಹಾಗೆ ಕಾಯುವುದು ಅದರ ಕೆಲಸ. ಒಂದೇ ಯಂತ್ರದಲ್ಲಿ ಮೂವರು ಗುಮಾಸ್ತರು ಒಟ್ಟಿಗೆ ಕೆಲಸ ಮಾಡುವಂಥ ಕರ್ನೆಲ್ ಅವನಿಗೆ ಮಾಡಬೇಕಿತ್ತು.

"ಮೆಮೊರಿ ಅಂದರೆ ಎಂತದು? ಗಾಳಿಯಾ?" ಎಂದು ಒಮ್ಮೆ ಕೇಳಿದೆ.

"ಗಾಳಿಯಾಗಿದ್ದರೆ ಚಿಂತೆ ಇರಲಿಲ್ಲ. ಕೈಯಲ್ಲಿ ಹಿಡಿಯುವ ವಸ್ತು ಅದು. ಹಸಿರು ಹಲಗೆ, ಅದರ ಮೇಲೆ ಕಪ್ಪು ಚಿಪ್ಪು. ಎಷ್ಟು ಚಿಪ್ಪು ಕೂರಿಸಿದ್ದಾರೋ ಅಷ್ಟೇ ಜಾಗ. ಅದಕ್ಕಿಂತ ಹೆಚ್ಚು ಯಾರಪ್ಪ ಕೇಳಿದರೂ ಇಲ್ಲ."

"ಕೇಳಿದರೆ?"

"ಜಾಗ ಖಾಲಿಯಾಗುವವರೆಗೆ ಕಾಯಿ ಅನ್ನಬೇಕು. ಇಲ್ಲದ ಜಾಗವನ್ನು ಉಂಟು ಅಂತ ಕೊಟ್ಟರೆ, ಅಲ್ಲಿ ಇಟ್ಟದ್ದು ಹೋಯಿತು."

"ನಮ್ಮ ಬ್ರಾಂಚಿನವರ ಹಾಗೆ. ಕೊಡುವುದು ಇಷ್ಟೇ ಎಲೆ, ಕೇಳುವುದು ಅಷ್ಟು ಬೀಡಿ."

"ಅವರನ್ನು ಕರ್ನೆಲ್ ಮಾಡಿದರೆ ಯಂತ್ರ ಬೆಳಿಗ್ಗೆಯೇ ಮಲಗ್ತದೆ," ಎಂದು ನಕ್ಕ. ಒಳಗಿನಿಂದ ಅಮ್ಮ, "ಬ್ರಾಂಚಿನವರಿಗೆ ಕೇಳಿದರೆ ನಾಳೆ ಎಲೆಯೂ ಇಲ್ಲ, ಸುಮ್ಮನಿರಿ," ಎಂದಳು.

ಎಷ್ಟು ಜಾಗ ಉಂಟು ಎಂದು ಕರ್ನೆಲಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನೂ ಹೇಳಿದ್ದ. ಏಳುವಾಗಲೇ ಅದು ಮೆಮೊರಿಯ ಒಂದೊಂದು ಕೋಣೆಗೂ ಏನೋ ಬರೆದು, ತಿರುಗಿ ಓದಿ ನೋಡುತ್ತದಂತೆ. ಬರೆದದ್ದೇ ಸಿಕ್ಕಿದರೆ ಜಾಗ ಉಂಟು. ಬೇಕಾದರೆ ಅವನು ಒಂದು ಸಾಲಿನಲ್ಲಿ ಮಿತಿಯನ್ನೂ ಬರೆದಿಡಬಹುದು: ಇಲ್ಲಿಯವರೆಗೆ ಮಾತ್ರ ನಿನ್ನದು, ಇದರಿಂದ ಮೇಲೆ ಏನು ಕಂಡರೂ ಮುಟ್ಟಬೇಡ ಎಂದು. ಹಾಗೆ ಬರೆದರೆ ಮೇಲಿನದ್ದು ಇದ್ದರೂ ಇಲ್ಲದ ಹಾಗೆ.

ಅವನ ಯಂತ್ರದಲ್ಲಿ ಇದ್ದ ಮೆಮೊರಿ ಇಬ್ಬರು ಗುಮಾಸ್ತರಿಗೆ ಸಾಕಾಗುತ್ತಿತ್ತು, ಮೂವರಿಗೆ ಎಳೆದಾಟ. ಅದಕ್ಕೆ ಅವನ ಯಜಮಾನರು ಇನ್ನೊಂದು ಮೆಮೊರಿ ಬೋರ್ಡು ತರಿಸಲು ಒಪ್ಪಿದರು. ಅದು ಬಂದರೆ ಜಾಗ ಇಮ್ಮಡಿ. ಮೊದಲಿನದ್ದು ಕೆಳಗಿನ ಅರ್ಧ, ಹೊಸತು ಮೇಲಿನ ಅರ್ಧ. ಕಾರ್ಕಳದ ಒಂದು ಅಕ್ಕಿ ಮಿಲ್ಲಿಗೆ ಆ ಯಂತ್ರ ಕೊಡುವುದೆಂದು ಮಾತಾಗಿತ್ತು. ಅಲ್ಲಿ ಅದು ನಿಲ್ಲದೆ ಓಡಿದರೆ, ಬೆಸುಗೆ ಬಿಡಿಸಿ ಇವನನ್ನು ಪ್ರೋಗ್ರಾಂ ಬರೆಯುವ ಮೇಜಿಗೆ ಕೂರಿಸುತ್ತೇನೆ ಎಂದು ಯಜಮಾನರು ಹೇಳಿದ್ದರು. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಬೋರ್ಡು ಮಂಗಳೂರಿಗೆ ಬಂದದ್ದು ನಡು ಮಳೆಗಾಲದಲ್ಲಿ, ಆಟಿ ತಿಂಗಳ ಮಳೆಯಲ್ಲಿ. ತಮ್ಮ ಆ ದಿನ ಕಾರ್ಕಳದ ಮಿಲ್ಲಿನಲ್ಲಿ ವಯರ್ ಎಳೆಯುತ್ತಿದ್ದ. ನಮ್ಮ ಕಡೆ ಪಾರ್ಸೆಲ್ ಎಂದರೆ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಇಂಥ ಸ್ಟಾಪಿನಲ್ಲಿ ಇಂಥವರು ನಿಂತಿರುತ್ತಾರೆ ಎಂದು ಹೇಳಿಬಿಡುವುದು. "ಅಕ್ಕ, ನೀನೇ ನಿಲ್ಲಬೇಕು. ಪೆಟ್ಟಿಗೆ ಬಿಚ್ಚಬೇಡ, ಸಂಜೆ ಬಂದು ನಾನೇ ಬಿಚ್ಚುತ್ತೇನೆ," ಎಂದು ಹೇಳಿ ಹೋಗಿದ್ದ.

ನನಗೆ ಅದೇ ದಿನ ಬ್ರಾಂಚಿಗೆ ಬೀಡಿ ಒಪ್ಪಿಸಲಿಕ್ಕಿತ್ತು. ಬೀಡಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡೇ ಸ್ಟಾಪಿಗೆ ಹೋಗಿ ನಿಂತೆ. ಮಂಗಳೂರಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ಪೂರ್ತಿ ನಿಲ್ಲಲೂ ಇಲ್ಲ.

"ಮಣಿಪಾಲದ ಪಾರ್ಸೆಲ್ಲಾ? ಹಿಡ್ಕೊಳ್ಳಿ ಮಾರಾಯ್ತಿ, ಬೇಗ. ಒಡೆಯುವ ವಸ್ತುವಾ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಒಡೆಯುವುದಿಲ್ಲ," ಎಂದು ಕಂಡಕ್ಟರ್ ನನ್ನ ಕೈಗೆ ಪೆಟ್ಟಿಗೆ ತುರುಕಿ ಸೀಟಿ ಊದಿದ.

ಬ್ರಾಂಚಿಗೆ ನಡೆಯುವಾಗ ಗಾಳಿಮಳೆ ಹೊಡೆಯಿತು. ನನ್ನಲ್ಲಿ ಇದ್ದದ್ದು ಒಂದು ಕೊಡೆ. ಬೀಡಿ ಒದ್ದೆಯಾದರೆ, ಅದನ್ನು ನೋಡಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರು ಮುಖ ನೋಡದೆ ತಳ್ಳಿಬಿಡುತ್ತಿದ್ದ. ಅಮ್ಮನ, ನನ್ನ ವಾರದ ದುಡಿತ ಆ ಬುಟ್ಟಿಯಲ್ಲಿತ್ತು. ನಾನು ಕೊಡೆಯನ್ನು ಬುಟ್ಟಿಯ ಮೇಲೆ ಹಿಡಿದೆ. ತಮ್ಮನ ಪೆಟ್ಟಿಗೆ ಇನ್ನೊಂದು ಕಂಕುಳಲ್ಲಿ, ಮಳೆಯಲ್ಲಿ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಕಾಪಾಡುವುದಿತ್ತು. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿ ಬೀಡಿಯ ಕಡೆ ಹೋಯಿತು.

ಮನೆಗೆ ಬಂದಾಗ ಪೆಟ್ಟಿಗೆಯ ರಟ್ಟು ನೆನೆದು ಮೆತ್ತಗಾಗಿತ್ತು. ಅಮ್ಮ ಮನೆಯಲ್ಲಿರಲಿಲ್ಲ. ಬಿಚ್ಚಿದೆ. ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಾಗಿರದೆ ನೀರು ಹೋಗಿತ್ತು. ಹಸಿರು ಹಲಗೆಯ ಮೇಲೆ ಸಾಲಾಗಿ ಕಪ್ಪು ಚಿಪ್ಪುಗಳು, ಅವುಗಳ ಸಂದಿನಲ್ಲಿ ನೀರ ಹನಿ.

ಮಳೆಗಾಲದಲ್ಲಿ ನಾವು ಬೀಡಿ ಒಣಗಿಸುವುದು ಒಲೆಯ ಕೆಂಡ ಹರಡಿ, ಮೇಲೆ ತಂತಿಯ ಜಾಲರಿ ಇಟ್ಟು. ಉರಿ ತಾಗಬಾರದು, ಕಾವು ಮಾತ್ರ ತಾಗಬೇಕು. ಆ ಹದ ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು. ಒದ್ದೆಯಾದದ್ದನ್ನು ಒಣಗಿಸಲು ನನಗೆ ತಿಳಿದಿದ್ದ ದಾರಿಯೂ ಅದೊಂದೇ. ಬೋರ್ಡನ್ನು ಜಾಲರಿಯ ಮೇಲೆ ಮಲಗಿಸಿದೆ. ಬೀಡಿಯ ಹಾಗೆಯೇ ಆಗಾಗ ತಿರುವಿ ಹಾಕಿದೆ. ಸ್ವಲ್ಪ ಹೊತ್ತಿಗೆ ಮೇಣ ಕರಗಿದಂಥ ವಾಸನೆ ಬಂತು. ಹೆದರಿ ತೆಗೆದೆ. ನೋಡಿದರೆ ಏನೂ ಆಗಿರಲಿಲ್ಲ. ಒಂದು ಚಿಪ್ಪೂ ಜಾರಿರಲಿಲ್ಲ, ಒಂದು ಕಲೆಯೂ ಇರಲಿಲ್ಲ. ರಟ್ಟನ್ನೂ ಕಾಯಿಸಿ ಒಣಗಿಸಿ, ಎಲ್ಲವನ್ನೂ ಇದ್ದ ಹಾಗೆ ಇಟ್ಟು ಅಂಟಿಸಿದೆ.

ಸಂಜೆ ತಮ್ಮ ಪೆಟ್ಟಿಗೆ ಕೈಗೆತ್ತಿಕೊಂಡು, "ಇದೆಂತ, ಹೀಗೆ ಸುಕ್ಕಾಗಿದೆ?" ಎಂದ.

"ಬಸ್ಸಿನಲ್ಲಿ ಯಾರಾದರೂ ಅದರ ಮೇಲೆ ಕೂತಿರಬೇಕು."

"ಕೂತವರು ಒಳ್ಳೆಯ ದಪ್ಪ ಇರಬೇಕು," ಎಂದ. ಬಿಚ್ಚಿ ಬೋರ್ಡು ನೋಡಿದ ಮೇಲೆ ಪೆಟ್ಟಿಗೆಯ ಮಾತು ಮರೆತ. ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಅಂಚು ಹಿಡಿದು ದೀಪಕ್ಕೆ ತೋರಿಸಿ ನೋಡಿದ. ನಾನು ಅನ್ನಕ್ಕೆ ಇಡುವ ನೆಪದಲ್ಲಿ ಒಳಗೆ ಹೋದೆ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಅವನು ಕೈಕಾಲೂ ತೊಳೆಯದೆ ಬಂದು ಕೂತು ಹೇಳಿದ. ಬೆಳಿಗ್ಗೆ ಯಂತ್ರ ಸರಿಯಾಗಿ ಏಳುತ್ತದೆ, ಎಲ್ಲ ಕೋಣೆಗಳನ್ನು ಪರೀಕ್ಷೆ ಮಾಡಿ ಸರಿ ಎನ್ನುತ್ತದೆ. ಮಧ್ಯಾಹ್ನ ಕಳೆದ ಮೇಲೆ ಮೂವರು ಒಟ್ಟಿಗೆ ಕೆಲಸಕ್ಕೆ ಕೂತರೆ ಇದ್ದಕ್ಕಿದ್ದಂತೆ ಅಂಕಿಗಳು ಬದಲಾಗುತ್ತವೆ, ಇಲ್ಲವೇ ಇಡೀ ಯಂತ್ರ ನಿಂತುಬಿಡುತ್ತದೆ. ಹೊಸ ಬೋರ್ಡು ತೆಗೆದರೆ ತೊಂದರೆ ಇಲ್ಲ.

"ಹಾಗಾದರೆ ಬೋರ್ಡೇ ಸರಿ ಇಲ್ಲವೇನೋ," ಎಂದೆ. ಅಷ್ಟು ಹೇಳುವ ಧೈರ್ಯ ಇತ್ತು.

"ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಅಕ್ಕ. ಬೋರ್ಡು ತೆಗೆದರೆ ಮೇಲಿನ ಅರ್ಧವೇ ಇರುವುದಿಲ್ಲ. ಆ ಅರ್ಧವನ್ನು ಹಂಚಲಿಕ್ಕೆ ನಾನು ಬರೆದ ಲೆಕ್ಕವೂ ಆಗ ಓಡುವುದಿಲ್ಲ. ತಪ್ಪು ಬೋರ್ಡಿನಲ್ಲಿ ಇರಬಹುದು, ನನ್ನ ಲೆಕ್ಕದಲ್ಲೂ ಇರಬಹುದು." ಅವನು ಕಾಗದ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. "ನೀನು ತಂದಾಗ ಅದು ಒದ್ದೆ ಆಗಿತ್ತಾ? ಬಿಸಿ ಏನಾದರೂ ತಾಗಿತ್ತಾ?"

ಅವನು ಸಂಶಯದಿಂದ ಕೇಳಲಿಲ್ಲ. ಬಾವಿಯಲ್ಲಿ ನೀರು ಉಂಟಾ ಎಂದು ಕೇಳುವ ಹಾಗೆ ಕೇಳಿದ. ಹೇಳುವುದು ಎಷ್ಟು ಸುಲಭವಿತ್ತು. ಆದರೆ ಅವನ ಶಾಲೆಗಾಗಿ ನಾನು ಶಾಲೆ ಬಿಟ್ಟದ್ದನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಅವನೂ ಹೇಳುತ್ತಿದ್ದ. ನಾನು ಅವನಿಗೆ ಒಳ್ಳೆಯದನ್ನೇ ಮಾಡಿದವಳು. ಆ ಹೆಸರು ನನಗೆ ಬೇಕಾಗಿತ್ತು. ಬೇರೆ ಯಾವ ಹೆಸರೂ ನನ್ನಲ್ಲಿರಲಿಲ್ಲ.

"ಇಲ್ಲ," ಎಂದೆ.

"ಹಾಗಾದರೆ ನನ್ನದೇ," ಎಂದ. ಅವನಿಗೆ ಸಮಾಧಾನವಾದ ಹಾಗೆ ಕಂಡಿತು. ಹುಡುಕಬೇಕಾದ ಜಾಗ ಒಂದೇ ಉಳಿಯಿತಲ್ಲ.

ಅಂದಿನಿಂದ ಅವನು ಮೇಲಿನ ಅರ್ಧದ ಲೆಕ್ಕವನ್ನು ಎಷ್ಟು ಸಲ ಅಳಿಸಿ ಬರೆದನೋ. ನನಗೆ ಹೇಳಿ ಹೇಳಿ ಬರೆಯುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಮಳೆಗಾಳಿಗೆ ತಂಪಾದ ದಿನಗಳಲ್ಲಿ ಯಂತ್ರ ಸರಿಯಾಗಿ ಓಡುತ್ತಿತ್ತು. ಆಗ ಇವನು, ನಿನ್ನೆ ತಿದ್ದಿದ್ದೇ ಸರಿ ಎಂದು ಹಿಗ್ಗುತ್ತಿದ್ದ. ಬಿಸಿಲು ಬಂದ ದಿನ ತಿರುಗಿ ಅದೇ.

"ಮಿತಿ ಅಂತ ಒಂದು ಸಾಲು ಉಂಟು ಅಂದಿದ್ದೆಯಲ್ಲ," ಎಂದು ಒಮ್ಮೆ ಮೆಲ್ಲಗೆ ಹೇಳಿದೆ. "ಮೇಲಿನ ಅರ್ಧ ಮುಟ್ಟಬೇಡ ಅಂತ ಬರೆದುಬಿಡು."

"ಬೋರ್ಡು ಕೆಟ್ಟಿದ್ದರೆ ಅದನ್ನೇ ಮಾಡುತ್ತಿದ್ದೆ. ಮಿಲ್ಲಿಗೆ ಹಾಗೆಯೇ ಕೊಟ್ಟು, ಹೊಸ ಬೋರ್ಡು ಬರುವವರೆಗೆ ಮೂರನೆಯವನು ಸ್ವಲ್ಪ ಕಾಯಲಿ ಅನ್ನುತ್ತಿದ್ದೆ. ಬೋರ್ಡು ಸರಿ ಉಂಟಲ್ಲ ಅಕ್ಕ. ನನ್ನ ತಪ್ಪನ್ನು ಮುಚ್ಚಲಿಕ್ಕೆ ಇರುವ ಜಾಗವನ್ನು ಇಲ್ಲ ಅನ್ನುವುದಾ?"

ಅದಕ್ಕೆ ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಬೀಡಿಗೆ ನೂಲು ಸುತ್ತಿದೆ.

ಕೊಯ್ಲು ಮುಗಿದ ಮೇಲೆ ಯಂತ್ರ ಕಾರ್ಕಳಕ್ಕೆ ಹೋಯಿತು. ಮಿಲ್ಲಿಗೆ ಭತ್ತ ಬರುವ ಕಾಲ ಅದು, ಇನ್ನು ತಡಮಾಡುವ ಹಾಗಿರಲಿಲ್ಲ. ಯಜಮಾನರು ಬಂದು ನೋಡುವ ದಿನ ನಾನು ಚಿಕ್ಕಮ್ಮನ ಮನೆಗೆ ಅಜೆಕಾರಿಗೆ ಹೊರಟಿದ್ದವಳು, ದಾರಿಯಲ್ಲಿ ಮಿಲ್ಲಿನ ಬಳಿ ಇಳಿದೆ. ತಮ್ಮನಿಗೆಂದು ಮುಂಚಿನ ರಾತ್ರಿಯ ಮೀನಿನ ಸಾರು ಬುತ್ತಿಯಲ್ಲಿತ್ತು. ಆಫೀಸು ಎಂದರೆ ಭತ್ತ ಬೇಯಿಸುವ ಬಾಯ್ಲರಿನ ಗೋಡೆಗೆ ತಾಗಿದ ಕೋಣೆ. ಒಳಗೆ ಕಾಲಿಟ್ಟರೆ ಬೆವರು. ನಾನು ಬಾಗಿಲಲ್ಲಿ ನಿಂತೆ. ಆ ಕಾವು ಮುಖಕ್ಕೆ ಬಡಿದಾಗಲೇ ನನಗೆ ಜಾಲರಿಯ ನೆನಪಾಯಿತು.

ಊಟದ ಹೊತ್ತಿನವರೆಗೆ ಓಡಿತು. ಮೂವರು ಗುಮಾಸ್ತರು ಭತ್ತದ ತೂಕವನ್ನು ಕೀಲಿಮಣೆಯಲ್ಲಿ ಒತ್ತುತ್ತಿದ್ದರು, ಹೊರಗೆ ರೈತರು ಚೀಟಿಗಾಗಿ ಕಾಯುತ್ತಿದ್ದರು. ಆಮೇಲೆ ಒಬ್ಬರ ಪರದೆಯಲ್ಲಿ ಅರ್ಥವಿಲ್ಲದ ಗುರುತುಗಳು ಬಂದವು. ಅದರ ಬೆನ್ನಿಗೇ ಮೂರೂ ಪರದೆಗಳು ಕಲ್ಲಾದವು. ಬೆಳಿಗ್ಗೆಯಿಂದ ಬರೆದ ತೂಕಗಳೆಲ್ಲ ಹೋದವು.

"ಕಂಪ್ಯೂಟರಿಗೂ ಊಟ ಆದ ಮೇಲೆ ನಿದ್ದೆ ಬೇಕು ಕಾಣ್ತದೆ," ಎಂದ ಒಬ್ಬ ಗುಮಾಸ್ತ.

"ಚಾಪೆ ಹಾಕಿ ಕೊಡಿ ಮಾರಾಯ್ರೆ," ಎಂದು ಹೊರಗಿನಿಂದ ಯಾರೋ ಸೇರಿಸಿದರು. ಎಲ್ಲರೂ ನಕ್ಕರು.

ಯಜಮಾನರು ನಗಲಿಲ್ಲ. "ಇದು ಯಂತ್ರದ್ದಾ, ನಿನ್ನದಾ?" ಎಂದು ತಮ್ಮನನ್ನು ಕೇಳಿದರು.

"ನನ್ನದು ಸರ್. ಬೋರ್ಡು ಪರೀಕ್ಷೆಯಲ್ಲಿ ಪಾಸಾಗಿದೆ."

"ಎಷ್ಟು ತಿಂಗಳಿನಿಂದ ನಿನ್ನದು, ನಿನ್ನದು ಅಂತ ಹೇಳ್ತಾ ಇದ್ದೀ. ಬೆಸುಗೆ ನಿನ್ನ ಹಾಗೆ ಹಾಕುವವರಿಲ್ಲ, ಅದನ್ನೇ ಮಾಡು. ಇದು ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ."

ಅವರು ಕೆಟ್ಟವರಲ್ಲ. ಅವರಿಗೆ ತಿಳಿದದ್ದನ್ನು ಹೇಳಿದರು. ಅವರಿಗೆ ತಿಳಿಯದ್ದು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿತ್ತು. ತಮ್ಮ ಒಮ್ಮೆ ತಿರುಗಿ ನನ್ನನ್ನು ನೋಡಿದ, ನಾನು ಅಲ್ಲಿ ಇದ್ದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಾನು ಬುತ್ತಿಯನ್ನು ಕಿಟಕಿಯ ಮೇಲಿಟ್ಟು ಬಸ್ಸಿಗೆ ನಡೆದೆ.

ಬೆಸುಗೆಯ ಕೆಲಸಕ್ಕೆ ಅವನು ತಿರುಗಿ ಹೋಗಲಿಲ್ಲ. ಮನೆಯಲ್ಲಿದ್ದ ಉದ್ದದ ಕಾಗದಗಳನ್ನೆಲ್ಲ ಕಟ್ಟಿ ತಂದು ನನ್ನ ಮುಂದಿಟ್ಟ. "ಬೀಡಿ ಕಟ್ಟು ಸುತ್ತಲಿಕ್ಕೆ ಆಗ್ತದೆ ಅಕ್ಕ, ಗಟ್ಟಿ ಕಾಗದ." ನಾನು ಬಳಸಿದೆ. ಬಳಸದಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಅವನು ನನಗೆ ಓದಿ ಹೇಳಿದ ಸಾಲುಗಳನ್ನು ಹರಿದು ಹರಿದು ಬೀಡಿಯ ಕಟ್ಟುಗಳಿಗೆ ಸುತ್ತಿ ಬ್ರಾಂಚಿಗೆ ಕೊಟ್ಟೆ.

ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ ಸೇರಿಕೊಂಡ. ಬಸ್ಸು ಹೊರಡುವ ಹೊತ್ತಿಗೆ ಊರುಗಳ ಹೆಸರು ಕೂಗಿ ಜನ ಹತ್ತಿಸುವುದು. ಮರ್ಯಾದೆಯ ಕೆಲಸವೇ, ಅವನನ್ನು ಕಂಡರೆ ಎಲ್ಲ ಡ್ರೈವರುಗಳಿಗೂ ಇಷ್ಟ. ಆದರೆ ಮೆತ್ತಗಿದ್ದ ಸ್ವರ ಕೂಗಿ ಕೂಗಿ ಒರಟಾಯಿತು. ಮನೆಗೆ ಬಂದರೆ ಮಾತೇ ಇಲ್ಲ. ನಾನು ಬೀಡಿ ಕಟ್ಟುವಲ್ಲಿ ಬಂದು ಕೂರುವುದನ್ನೂ ಬಿಟ್ಟ. ಪಕ್ಕದ ಮನೆಯ ಮಾಸ್ತರರು, ಏನಾದರೂ ಪರೀಕ್ಷೆಗೆ ಕಟ್ಟು ಮಾರಾಯ ಎಂದರೆ, "ನನ್ನ ತಲೆ ಇರುವುದೇ ಅಷ್ಟು," ಎನ್ನುತ್ತಿದ್ದ. ಹಟವಿಲ್ಲದೆ, ದುಃಖವೂ ಇಲ್ಲದೆ ಹೇಳುತ್ತಿದ್ದ. ಕೇಳಲು ಅದೇ ಕಷ್ಟ.

ನಾನು ನನಗೆ ಒಂದು ಸುಳ್ಳು ಹೇಳಿಕೊಂಡು ಬದುಕಿದೆ: ಬೋರ್ಡು ಕೆಟ್ಟಿತ್ತು ಎಂದು ಯಾರು ಕಂಡರು, ಲೆಕ್ಕವೂ ತಪ್ಪಿರಬಹುದು ಎಂದು.

ಆ ದಶಕ ಮುಗಿಯುವ ಹೊತ್ತಿಗೆ ಅಲೆವೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟವಾಗಿ ಕೈ ತೊಳೆಯುವಲ್ಲಿ ತಮ್ಮನ ಹಳೆಯ ಯಜಮಾನರು ಸಿಕ್ಕಿದರು.

"ನೀವು ಅವನ ಅಕ್ಕ ಅಲ್ವಾ? ಅವನಿಗೆ ಒಂದು ವಿಷಯ ಹೇಳಲಿಕ್ಕುಂಟು. ಆ ಮೆಮೊರಿ ಬೋರ್ಡನ್ನು ಆಮೇಲೆ ಬೇರೆ ಯಂತ್ರಕ್ಕೆ ಹಾಕಿದೆವು. ಅಲ್ಲಿಯೂ ಮಧ್ಯಾಹ್ನ ಆದರೆ ಅದೇ ಕಥೆ. ಬಿಸಿ ಏರಿದರೆ ಅದರಲ್ಲಿ ಬರೆದದ್ದು ನಿಲ್ಲುವುದಿಲ್ಲ. ತಂಪಿನಲ್ಲಿ ಪರೀಕ್ಷೆ ಮಾಡಿದರೆ ಪಾಸ್." ಅವರು ಟವಲಿನಲ್ಲಿ ಕೈ ಒರಸಿಕೊಂಡರು. "ಅವನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಹೇಳಿ ಕಳಿಸಬೇಕು ಅಂತಿದ್ದೆ, ಕೆಲಸದಲ್ಲಿ ಮರೆತೇ ಹೋಯಿತು."

ಅಲ್ಲಿಂದ ನೇರ ಉಡುಪಿಗೆ ಹೋದೆ. ಬಸ್ಸಿನಲ್ಲಿ ಕೂತಾಗ ನನಗೆ ಹೊಳೆದದ್ದು ಒಂದು ಸಣ್ಣತನದ ಉಪಾಯವೇ. ಬೋರ್ಡು ಕೆಟ್ಟಿತ್ತಂತೆ ಎಂದಷ್ಟೇ ಹೇಳಿದರೆ ಸಾಕು. ಬರುವಾಗಲೇ ಕೆಟ್ಟಿತ್ತು ಎಂದು ಅವನು ತಿಳಿಯುತ್ತಾನೆ. ಅವನಿಗೂ ಬಿಡುಗಡೆ, ನನಗೂ.

ಬಸ್‌ಸ್ಟ್ಯಾಂಡಿನಲ್ಲಿ ಅವನು ಕಾರ್ಕಳದ ಬಸ್ಸಿಗೆ ಜನ ಕರೆಯುತ್ತಿದ್ದ. ಅದು ಹೊರಟ ಮೇಲೆ ಬಂದು, "ಎಂತ ಅಕ್ಕ, ಮದುವೆ ಊಟ ಇಷ್ಟು ಬೇಗ ಮುಗಿಯಿತಾ?" ಎಂದ. ಯಜಮಾನರು ಹೇಳಿದ್ದನ್ನು ಹೇಳಿದೆ. ಅಷ್ಟನ್ನೇ.

ಅವನ ಮುಖದಲ್ಲಿ ಏನೋ ಬೆಳಕಾಗುತ್ತಾ ಬಂತು, ನಾನು ಅದನ್ನು ನೋಡಿದೆ. ನೋಡುತ್ತಿದ್ದಂತೆಯೇ ಅದು ಹೋಯಿತು.

"ಹಾಗಾದರೂ ನನ್ನದೇ ತಪ್ಪು," ಎಂದ. "ಬೆಳಿಗ್ಗೆ ಒಂದು ಸಲ ನೋಡಿ ನಂಬಿದೆ. ಯಂತ್ರ ಬಿಸಿಯಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಬೇಕಿತ್ತು. ಬೋರ್ಡು ಹೊಸತು, ಒದ್ದೆಯಾಗಲಿಲ್ಲ, ಬಿಸಿ ತಾಗಲಿಲ್ಲ, ಮತ್ತೆ ಅದು ಯಾಕೆ ಕೆಡ್ತದೆ ಅಂತ ಆ ಕಡೆ ನೋಡಲೇ ಇಲ್ಲ. ತಲೆ ಇದ್ದವನು ನೋಡುತ್ತಿದ್ದ."

ಅರ್ಧ ನಿಜವನ್ನು ಕೊಟ್ಟರೂ ಅವನು ಅದರಲ್ಲಿ ತನ್ನ ತಪ್ಪನ್ನೇ ಹುಡುಕಿಕೊಂಡ. ಅವನ ಕೈಗೆ ಆ ತಪ್ಪನ್ನು ಇಟ್ಟವಳು ನಾನು, ನಾನೇ ತಿರುಗಿ ತೆಗೆದುಕೊಳ್ಳದೆ ಅವನು ಬಿಡುವ ಹಾಗಿರಲಿಲ್ಲ. ಪಕ್ಕದಲ್ಲಿ ಮಲ್ಪೆಯ ಬಸ್ಸು ಬಂದು ಹಾರ್ನ್ ಒತ್ತಿತು. ಜನ ನಮ್ಮನ್ನು ತಳ್ಳಿಕೊಂಡು ಹತ್ತುತ್ತಿದ್ದರು. ಅವನು ಕೂಗಲು ಬಾಯಿ ತೆರೆದ. ನಾನು ಅವನ ಕೈ ಹಿಡಿದು ನಿಲ್ಲಿಸಿ, ಆ ಗಲಾಟೆಯಲ್ಲಿ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅದು ಒದ್ದೆ ಆಗಿತ್ತು ಮಗಾ. ಕೊಡೆ ಬೀಡಿಗೆ ಹಿಡಿದೆ, ನಿನ್ನ ಪೆಟ್ಟಿಗೆಗೆ ಹಿಡಿಯಲಿಲ್ಲ. ಆಮೇಲೆ ಬಿಚ್ಚಿ ಕೆಂಡದ ಮೇಲೆ ಒಣಗಿಸಿದೆ. ನೀನು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ನೀನು ನೋಡದೆ ಇದ್ದದ್ದು ತಲೆ ಇಲ್ಲದೆ ಅಲ್ಲ, ನನ್ನನ್ನು ನಂಬಿದ್ದರಿಂದ. ನಿನ್ನ ಲೆಕ್ಕ ಸರಿ ಇತ್ತು. ತಪ್ಪು ಮಾಡಿದ್ದು ನಾನು. ನನ್ನನ್ನು ಕ್ಷಮಿಸು."